ಗಾಳಿ ಸೋಕಿದವರ ಚರಿತ್ರೆ

ಅರಸರ ಚರಿತ್ರೆಗೆ ಶಾಸನಗಳುಂಟು. ದೆವ್ವ ಹಿಡಿದವರ ಚರಿತ್ರೆಗೆ ಶಾಸನವೆಲ್ಲಿಂದ ಬರಬೇಕು? ಅದು ಉಳಿದಿರುವುದು ಜನರ ಮಾತಿನಲ್ಲಿ. ಹೊಸಕೋಟೆ ತಾಲ್ಲೂಕಿನ ನಮ್ಮ ನಂದಗುಡಿಯ ಕಡೆ ಹೆಣ್ಣುಮಗಳೊಬ್ಬಳು ಊಟ ಬಿಟ್ಟು, ಕರೆದರೆ ಓಗೊಡದೆ, ಗೋಡೆ ದಿಟ್ಟಿಸುತ್ತ ಕುಳಿತಳೆಂದರೆ ಹಿರಿಯರು ಥಟ್ಟನೆ 'ಹುಚ್ಚು' ಎನ್ನುತ್ತಿರಲಿಲ್ಲ. 'ಗಾಳಿ ಸೋಕಿದೆ' ಎನ್ನುತ್ತಿದ್ದರು. ಈ ಎರಡು ಮಾತುಗಳಿಗಿರುವ ಅಂತರ ಸಣ್ಣದಲ್ಲ. ಹುಚ್ಚೆಂಬುದು ಮನುಷ್ಯನ ಒಳಗಿನದು. ಗಾಳಿ ಹೊರಗಿನಿಂದ ಬಂದದ್ದು. ಬಂದದ್ದು ಹೋಗಲೂಬಹುದು. ಹೋದ ಮರುದಿನ ಆಕೆ ಎಂದಿನಂತೆ ಮನೆಯ ಸೊಸೆ, ಮಕ್ಕಳ ತಾಯಿ.

ಇದನ್ನು ಹಳ್ಳಿಗರ ಮೌಢ್ಯವೆಂದಷ್ಟೇ ತಳ್ಳಿಹಾಕುವಂತಿಲ್ಲ. ಆಯುರ್ವೇದದ ಎಂಟು ಅಂಗಗಳಲ್ಲಿ ಭೂತವಿದ್ಯೆಯೂ ಒಂದು. ಚರಕಸಂಹಿತೆಯು ಉನ್ಮಾದವನ್ನು ದೇಹದ ದೋಷಗಳಿಂದ ಹುಟ್ಟುವ 'ನಿಜ'ವೆಂದೂ ಹೊರಗಿನಿಂದ ಬರುವ 'ಆಗಂತು'ವೆಂದೂ ವಿಂಗಡಿಸಿತು. ಆದರೆ ಅದೇ ಗ್ರಂಥ, ದೇವತೆಗಳಾಗಲಿ ಪಿಶಾಚಗಳಾಗಲಿ ತಾವಾಗಿ ಯಾರನ್ನೂ ಬಾಧಿಸವು, ತನ್ನ ಬುದ್ಧಿ ತಪ್ಪಿ ನಡೆದ ಪ್ರಜ್ಞಾಪರಾಧವೇ ಮೂಲ ಎಂದೂ ಹೇಳಿತು. ವಿಚಾರದ ದೃಷ್ಟಿಯಿಂದ ಇದು ದೊಡ್ಡ ಹೆಜ್ಜೆ. ನರಳುವವನಿಗೆ ಮಾತ್ರ, ತಪ್ಪು ನಿನ್ನದಲ್ಲವೆನ್ನುವ ಹಳ್ಳಿಯ ಮಾತೇ ಹಿತವಾಗಿ ಕೇಳಿದ್ದೀತು.

19ನೆಯ ಶತಮಾನದಲ್ಲಿ ಬೆಂಗಳೂರಿಗೆ ಹುಚ್ಚಾಸ್ಪತ್ರೆ ಬಂತು. 1925ರಲ್ಲಿ ಅದನ್ನು ಮಾನಸಿಕ ಆಸ್ಪತ್ರೆಯೆಂದು ಕರೆದರು. 1954ರಲ್ಲಿ ಅದರೊಡನೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು. 1974ರಲ್ಲಿ ಎರಡೂ ಸೇರಿ ಇಂದಿನ ನಿಮ್ಹಾನ್ಸ್ ಆಯಿತು. ಹೆಸರು ಬದಲಾದರೂ ಜನರ ಬಾಯಲ್ಲಿ ಹಳೆಯ ಮಾತು ಬಹುಕಾಲ ನಿಂತಿತು. ರೋಗಿಯ ಹಣೆಗೆ ಅಂಟಿದ ಹೆಸರನ್ನು ತೊಳೆಯುವ ಕೆಲಸ ಔಷಧ ಕೊಡುವುದಕ್ಕಿಂತ ಕಷ್ಟವಾಯಿತು.

ಕರಾವಳಿಯ ಕೋಟ ಗ್ರಾಮದಲ್ಲಿ ಮನೋವೈದ್ಯರಾದ ಕಾರ್ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್ ಈ ವಿಷಯವನ್ನು ಹತ್ತಿರದಿಂದ ಅಭ್ಯಸಿಸಿದರು. ಅವರ ಪುಸ್ತಕ 1976ರಲ್ಲಿ ಪ್ರಕಟವಾಯಿತು. ಅಲ್ಲಿ ವೈದ್ಯರಿದ್ದರು, ಮಂತ್ರವಾದಿಗಳಿದ್ದರು, ಮೈಮೇಲೆ ದೈವ ಬರುವ ಪಾತ್ರಿಗಳಿದ್ದರು. ಡಾಕ್ಟರ ಬಳಿಗೂ ಪಾತ್ರಿಯ ಬಳಿಗೂ ಹೋಗುವುದರಲ್ಲಿ ಜನರಿಗೆ ವಿರೋಧವೇ ಕಾಣಲಿಲ್ಲ. ನಮ್ಮ ಬಯಲುಸೀಮೆಯಲ್ಲಿಯೂ ಹಾಗೆಯೇ: ಒಂದು ಕೈಯಲ್ಲಿ ಮಾತ್ರೆ, ಇನ್ನೊಂದು ತೋಳಿನಲ್ಲಿ ತಾಯಿತ.

ಇನ್ನೊಂದು ಸಂಗತಿಯನ್ನು ಮರೆಯಬಾರದು. ಸದಾ ತಲೆ ತಗ್ಗಿಸಿ ನಡೆಯುವ ಸೊಸೆ ಮೈಮೇಲೆ ಬಂದಾಗ ಅತ್ತೆಯನ್ನು ಏಕವಚನದಲ್ಲಿ ಕರೆದು, ತನ್ನ ಹೊಟ್ಟೆಯೊಳಗಿನ ಸಂಕಟವನ್ನೆಲ್ಲ ಎತ್ತಿ ಆಡಿದ್ದನ್ನು ನಾನು ಕಂಡಿದ್ದೇನೆ. ಮನೆಮಂದಿ ಕೈಮುಗಿದು ಕೇಳಿದರು. ಸೊಸೆಯಾಗಿ ಆಡಿದ್ದರೆ ಒಂದು ಮಾತಿಗೂ ಅವರು ಕಿವಿಗೊಡುತ್ತಿರಲಿಲ್ಲ.

ಆದರೆ ಈ ದಯೆಗೆ ಬೆನ್ನಿಗೇ ಅಂಟಿದ ಕ್ರೌರ್ಯವೂ ಉಂಟು. ಹಿಡಿದದ್ದು ಹೊರಗಿನದಾದರೆ ಹೊಡೆದು ಓಡಿಸಬಹುದಲ್ಲ! ಬೇವಿನ ಬರಲು, ಪೊರಕೆ, ಮೆಣಸಿನಕಾಯಿಯ ಹೊಗೆ—ಇವೆಲ್ಲ ಬಂದದ್ದು ಹೀಗೆ. ಏಟು ದೆವ್ವಕ್ಕೆಂದರು, ಬಾಸುಂಡೆ ಎದ್ದದ್ದು ಹೆಂಗಸಿನ ಮೈಮೇಲೆ. ಕರ್ನಾಟಕವು 2017ರಲ್ಲಿ ಅಮಾನವೀಯ ದುಷ್ಟ ಪದ್ಧತಿಗಳ ಹಾಗೂ ವಾಮಾಚಾರದ ವಿರುದ್ಧ ಕಾಯಿದೆ ಮಾಡಿ 2020ರ ಜನವರಿಯಲ್ಲಿ ಜಾರಿಗೆ ತಂದಿತು. ದೆವ್ವ ಬಿಡಿಸುವ ನೆಪದಲ್ಲಿ ಹಿಂಸಿಸುವುದು ಅದರಂತೆ ಅಪರಾಧ.

ಕಾಯಿದೆ ಕೈಯಲ್ಲಿನ ಬರಲನ್ನು ಕಸಿದುಕೊಂಡೀತು, ಅಷ್ಟು ಆಗಲೇಬೇಕು. ಆದರೆ 'ಗಾಳಿ ಸೋಕಿದೆ' ಎಂಬ ಮಾತಿನೊಳಗಿದ್ದ, ಇವಳು ನಮ್ಮವಳು, ಇದು ಕಳೆದುಹೋದೀತು ಎಂಬ ಭರವಸೆಯನ್ನು ಕಾಯಿದೆ ಕೊಡಲಾರದು. ವಿದ್ಯಾವಂತರಾದ ನಾವು ದೆವ್ವವನ್ನು ನಂಬುವುದನ್ನು ಬಿಟ್ಟಿದ್ದೇವೆ, ಒಳ್ಳೆಯದೇ. ಮನಸ್ಸಿಗೆ ಕಾಯಿಲೆಯಾದವರನ್ನು ನೆಂಟರಿಷ್ಟರಿಂದ ಬಚ್ಚಿಡುವುದನ್ನು ಮಾತ್ರ ಇನ್ನೂ ಬಿಟ್ಟಿಲ್ಲ.