ವಿಶೇಷಾಧಿಕ, ವಿಶೇಷೋನ: ಜೈನ ಗಣಿತದಲ್ಲಿ ಅರ್ಧದ ಪ್ರಶ್ನೆ

ದಶಮಾಂಶ ಸಂಖ್ಯೆಯನ್ನು ಸಮೀಪದ ಪೂರ್ಣಸಂಖ್ಯೆಗೆ ತರುವಾಗ, ಭಿನ್ನಭಾಗವು ಅರ್ಧಕ್ಕಿಂತ ಕಡಿಮೆಯಿದ್ದರೆ ಅದನ್ನು ಬಿಡುವುದು, ಹೆಚ್ಚಿದ್ದರೆ ಒಂದನ್ನು ಕೂಡುವುದು ಎಲ್ಲರೂ ಬಲ್ಲ ಕ್ರಮ. ತೊಡಕಿರುವುದು ಸರಿಯಾಗಿ ಅರ್ಧದಲ್ಲಿ. 2.5 ಎಂಬುದು 2ಕ್ಕೂ 3ಕ್ಕೂ ಸಮದೂರದಲ್ಲಿದೆ. ಇಂತಹ ಬಿಡುವ, ಕೂಡುವ ಕ್ರಮದ ಪ್ರಾಚೀನ ನಿದರ್ಶನಗಳು ಜೈನ ಆಗಮಗಳಲ್ಲಿ ದೊರೆಯುತ್ತವೆ.

ಆಗಮಗಳು ವೃತ್ತದ ಪರಿಧಿಯನ್ನು ವ್ಯಾಸ ಮತ್ತು ಹತ್ತರ ವರ್ಗಮೂಲಗಳ ಗುಣಲಬ್ಧವೆಂದು ಗಣಿಸುತ್ತವೆ. 'ಸೂರ್ಯಪ್ರಜ್ಞಪ್ತಿ'ಯಲ್ಲಿ ಸೂರ್ಯನ ಅತ್ಯಂತ ಒಳಗಿನ ಮಂಡಲದ ವ್ಯಾಸ 99,640 ಯೋಜನ. ಗಣಿಸಿದರೆ ಪರಿಧಿ 3,15,089.35ರಷ್ಟಾಗುತ್ತದೆ, ಗ್ರಂಥವು ಭಿನ್ನವನ್ನು ಬಿಟ್ಟು 3,15,089 ಯೋಜನ, 'ಕಿಂಚಿತ್ ವಿಶೇಷಾಧಿಕ' ಎನ್ನುತ್ತದೆ. ಎರಡನೆಯ ಮಂಡಲದಲ್ಲಿ ಲಬ್ಧವು 3,15,106.97ರಷ್ಟು; ಅಲ್ಲಿ ಒಂದನ್ನು ಕೂಡಿ 3,15,107, 'ಕಿಂಚಿತ್ ವಿಶೇಷೋನ' ಎಂದಿದೆ. ಹೀಗೆ ಕೊಟ್ಟ ಸಂಖ್ಯೆಯ ಜೊತೆಗೆ, ನಿಜವು ಅದರ ಯಾವ ಪಕ್ಕದಲ್ಲಿದೆ ಎಂಬುದೂ ಉಳಿಯಿತು.

ಜಂಬೂದ್ವೀಪದ ಪರಿಧಿಯಲ್ಲಿ ಈ ಎಚ್ಚರ ಇನ್ನೂ ಸ್ಪಷ್ಟ. ಒಂದು ಲಕ್ಷ ಯೋಜನ ವ್ಯಾಸಕ್ಕೆ ಪರಿಧಿ 3,16,227 ಯೋಜನ, 3 ಗವ್ಯೂತಿ, 128 ಧನು, 13½ ಅಂಗುಲ ಮತ್ತು ಕಿಂಚಿದಧಿಕ. ಇಲ್ಲಿ ಅರ್ಧ ಅಂಗುಲವನ್ನು ಮೇಲಕ್ಕೂ ಏರಿಸಿಲ್ಲ, ಕೆಳಕ್ಕೂ ಇಳಿಸಿಲ್ಲ. ಯತಿವೃಷಭಾಚಾರ್ಯರ 'ತಿಲೋಯಪಣ್ಣತ್ತಿ'ಯಂತೂ ಅಂಗುಲದ ಕೆಳಗೆ ಯವ, ಯೂಕ, ಲಿಕ್ಷಾದಿಗಳಿಗೆ ಇಳಿಯುತ್ತ, ಕೊನೆಗೆ 23213/105409 ಎಂಬ ಭಿನ್ನವನ್ನೂ ದಾಖಲಿಸುತ್ತದೆ.

ಆದರೆ ಈ ಪರಿಧಿಗಣಿತದಲ್ಲಿ ಸರಿಯಾದ ಅರ್ಧವು ಎದುರಾಗುವಂತೆಯೇ ಇಲ್ಲ. ಹತ್ತರ ವರ್ಗಮೂಲವು ಅಭಾಗಲಬ್ಧ. ಪೂರ್ಣಾಂಕವಾಗಲಿ ಭಿನ್ನವಾಗಲಿ, ಯಾವ ವ್ಯಾಸದಿಂದ ಗುಣಿಸಿದರೂ ಲಬ್ಧವು ಅರ್ಧದ ಮೇಲೆ ನಿಲ್ಲದು. ಒಂದೋ ಅಧಿಕ, ಇಲ್ಲವೇ ಊನ.

ಹಣ, ತೂಕ, ಅಂಕಗಳ ಲೆಕ್ಕದಲ್ಲಿ ಈ ಅನುಕೂಲವಿಲ್ಲ. ಅಲ್ಲಿ ಅರ್ಧವು ಪದೇ ಪದೇ ಬರುತ್ತದೆ. 0.5, 1.5, 2.5, 3.5 ಇವುಗಳ ಮೊತ್ತ 8. ಶಾಲೆಯ ಕ್ರಮದಂತೆ ಎಲ್ಲವನ್ನೂ ಮೇಲಕ್ಕೇರಿಸಿದರೆ 1, 2, 3, 4, ಮೊತ್ತ 10. ಸಮೀಪದ ಸಮಸಂಖ್ಯೆಗೆ ತಂದರೆ 0, 2, 2, 4, ಮೊತ್ತ 8. ಗಣಕಯಂತ್ರಗಳಿಗಾಗಿ 1985ರಲ್ಲಿ ಪ್ರಕಟವಾದ ಐಇಇಇ 754 ಮಾನಕವು ಈ ಎರಡನೆಯ ಕ್ರಮವನ್ನೇ ಸಹಜಕ್ರಮವಾಗಿ ಅಂಗೀಕರಿಸಿತು. ಅರ್ಧಗಳು ಒಂದೇ ದಿಕ್ಕಿಗೆ ವಾಲಿ ದೋಷ ಬೆಳೆಯದಿರಲೆಂಬುದು ಅದರ ಆಶಯ.

ಆದ್ದರಿಂದ ಅರ್ಧದಲ್ಲಿ 'ಸರಿಯಾದ' ದಿಕ್ಕೆಂಬುದು ಸಂಖ್ಯೆಯ ಸ್ವಭಾವದಲ್ಲಿಲ್ಲ, ಒಪ್ಪಿತ ನಿಯಮದಲ್ಲಿದೆ. ಯಾವ ನಿಯಮವನ್ನು ಅನುಸರಿಸಿದೆ ಎಂದು ಹೇಳುವುದು ಗಣಿಸುವವನ ಹೊಣೆ. ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ'ದಲ್ಲಿ ಪರಿಧಿಗೆ ಮೂರರಿಂದ ಬರುವ ವ್ಯಾವಹಾರಿಕ ಫಲವನ್ನೂ ಹತ್ತರ ವರ್ಗಮೂಲದಿಂದ ಬರುವ ಸೂಕ್ಷ್ಮ ಫಲವನ್ನೂ ಬೇರೆಬೇರೆಯಾಗಿ ಹೆಸರಿಸಿದ್ದು ಇದೇ ಹೊಣೆಯಿಂದ. ಹಳೆಯ ಗ್ರಂಥಗಳ ಸಂಖ್ಯೆಗಳನ್ನು ಉದ್ಧರಿಸುವ ಸಂಶೋಧಕರು 'ಅಧಿಕ', 'ಊನ' ಎಂಬ ಪದಗಳನ್ನು ಬರಿಯ ಅಲಂಕಾರವೆಂದು ಕೈಬಿಟ್ಟರೆ, ಸಂಖ್ಯೆಯ ಒಂದು ಭಾಗವನ್ನೇ ಕಳೆದುಕೊಂಡಂತೆ.