ಮುಟ್ಟಿನ ತಲೆನೋವು

ಮುಟ್ಟಿನ ಆಸುಪಾಸಿನ ದಿನಗಳಲ್ಲಿ ಮರುಕಳಿಸುವ ತಲೆನೋವು. ಹೆಚ್ಚಿನ ಸಲ ಇದು ಮೈಗ್ರೇನ್. ಅರ್ಧಾವಭೇದಕ ಎಂಬ ಹೆಸರಿನಲ್ಲಿ ಅರೆತಲೆನೋವು ಆಯುರ್ವೇದಕ್ಕೆ ಹಳೆಯ ಪರಿಚಯ. ಮುಟ್ಟಿನೊಂದಿಗೆ ಅದಕ್ಕಿರುವ ನಂಟಿಗೆ ಪ್ರಯೋಗದ ಆಧಾರ ದೊರೆತದ್ದು ಮಾತ್ರ 1970ರ ದಶಕದಲ್ಲಿ. ಮುಟ್ಟಿಗೆ ಮುನ್ನ ಪ್ರೊಜೆಸ್ಟರಾನ್ ಹಾರ್ಮೋನು ಚುಚ್ಚಿದರೆ ಸ್ರಾವ ತಡವಾಯಿತು, ತಲೆನೋವು ಹೊತ್ತಿಗೆ ಸರಿಯಾಗಿ ಬಂತು. ಈಸ್ಟ್ರೊಜನ್ ಚುಚ್ಚಿದರೆ ಸ್ರಾವ ಬಂತು, ತಲೆನೋವು ಮುಂದೆ ಹೋಯಿತು. ಬ್ರಯಾನ್ ಸೋಮರ್‌ವಿಲ್ 1971–72ರಲ್ಲಿ ಪ್ರಕಟಿಸಿದ ಈ ಫಲಿತಾಂಶ ಬೆರಳೆಣಿಕೆಯ ಹೆಂಗಸರಿಂದ ಬಂದದ್ದು. ಆದರೂ ಈಸ್ಟ್ರೊಜನ್ ಕುಸಿತವೇ ಮುಖ್ಯ ಕಾರಣ ಎಂಬ ಇಂದಿನ ತಿಳಿವಳಿಕೆಯ ಬುಡ ಅಲ್ಲಿದೆ.

ಅಂತರರಾಷ್ಟ್ರೀಯ ತಲೆನೋವು ಸಂಘದ ವರ್ಗೀಕರಣದ ಪ್ರಕಾರ, ಮುಟ್ಟಿಗೆ ಎರಡು ದಿನ ಮೊದಲಿನಿಂದ ಮೂರನೆಯ ದಿನದೊಳಗೆ, ಮೂರು ಚಕ್ರಗಳಲ್ಲಿ ಕನಿಷ್ಠ ಎರಡರಲ್ಲಿ ನೋವು ಬರಬೇಕು. ಈ ಲೆಕ್ಕ ನಮ್ಮಲ್ಲಿ ವಿಶೇಷವಾಗಿ ಉಪಯುಕ್ತ. ಕರಾವಳಿಯ ಎಷ್ಟೋ ಮನೆಗಳಲ್ಲಿ ಹೊರಗಾದವರು ನಾಲ್ಕನೆಯ ದಿನ ತಲೆಗೆ ಮೀಯುತ್ತಾರೆ. ತಲೆಸ್ನಾನವೇ ಮೈಗ್ರೇನ್ ಕೆರಳಿಸುತ್ತದೆಂದು ಮುಂಬಯಿಯ ಡಾ. ಕೆ. ರವಿಶಂಕರ್ 2006ರಲ್ಲಿ 94 ಭಾರತೀಯ ರೋಗಿಗಳನ್ನು ಆಧರಿಸಿ ವರದಿ ಮಾಡಿದ್ದಾರೆ. ಹಾಗಾಗಿ ನೋವು ಮೀಯುವ ಮೊದಲೇ ಬಂತೋ, ಮಿಂದ ಮೇಲೋ ಎಂಬುದನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟರೆ ಅರ್ಧ ರೋಗನಿರ್ಣಯ ಮುಗಿದಂತೆ. ಒದ್ದೆ ಕೂದಲಿನ ಮೇಲೆ ಎಲ್ಲ ತಪ್ಪನ್ನೂ ಹೊರಿಸಬೇಕಿಲ್ಲ.

ಬೆಂಗಳೂರು ಸುತ್ತಮುತ್ತ ನಿಮ್ಹಾನ್ಸ್ ತಜ್ಞರು ನಡೆಸಿ 2015ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ವಯಸ್ಕರ ಪೈಕಿ ಶೇ. 25ರಷ್ಟು ಮಂದಿಗೆ ವರ್ಷದೊಳಗೆ ಮೈಗ್ರೇನ್ ಕಾಡಿತ್ತು. ಹೆಂಗಸರಲ್ಲಿ ಪ್ರಮಾಣ ಹೆಚ್ಚು.

ಮುಟ್ಟು ನಿಯಮಿತವಾಗಿದ್ದರೆ ನೋವಿಗೆ ಮುನ್ನವೇ ಕೆಲವು ದಿನ ನೆಪ್ರಾಕ್ಸೆನ್ ಅಥವಾ ಟ್ರಿಪ್ಟಾನ್ ಗುಂಪಿನ ಮಾತ್ರೆಯನ್ನು ವೈದ್ಯರು ಕೊಡುವುದುಂಟು. ನೋವಿನ ಮಾತ್ರೆ ತಿಂಗಳಿಗೆ 15 ದಿನ, ಟ್ರಿಪ್ಟಾನ್ 10 ದಿನ ಮುಟ್ಟಿದರೆ ಔಷಧಿಯೇ ತಲೆನೋವು ತರಬಹುದು. ನೋವಿಗೆ ಮುಂಚೆ ಕಣ್ಣೆದುರು ಮಿಂಚು, ಅಂಕುಡೊಂಕು ಗೆರೆ ಕಾಣುವವರಿಗೆ ಈಸ್ಟ್ರೊಜನ್ ಇರುವ ಗರ್ಭನಿರೋಧಕ ಗುಳಿಗೆ ಸಲ್ಲದು, ಪಾರ್ಶ್ವವಾಯುವಿನ ಅಪಾಯ ಹೆಚ್ಚುತ್ತದೆ.

ನಿದ್ದೆ, ಹೊತ್ತಿಗೆ ಊಟ, ಕತ್ತಲೆ ಕೋಣೆಯಲ್ಲಿ ವಿಶ್ರಾಂತಿ ಎಲ್ಲರೂ ಹೇಳುವ ಸಲಹೆ. ಕುಮಟಾ ತಾಲ್ಲೂಕಿನ ಓಂ ಬೀಚ್‌ನಂಥ ಕಡಲತೀರದಲ್ಲಿ, ಮರಳಿನ ಝಳಕ್ಕೆ ಕಣ್ಣು ಕೊಟ್ಟು ದುಡಿಯುವವರಿಗೆ ಕತ್ತಲೆ ಕೋಣೆ ಎಲ್ಲಿಯದು? ತಿಂಗಳಿಗೆ ಒಂದು ದಿನ ಸಂಬಳಸಹಿತ ಮುಟ್ಟಿನ ರಜೆಯ ನೀತಿಗೆ ರಾಜ್ಯ ಸಚಿವ ಸಂಪುಟ 2025ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಸಂಬಳವೇ ಇಲ್ಲದೆ, ಬುಟ್ಟಿ ಹೊತ್ತು ಮೀನು ಮಾರುವವಳು ಆ ಲೆಕ್ಕಕ್ಕೆ ಸೇರುವುದಿಲ್ಲ.