ಬೆಣ್ಣೆಯ ಜಾಗಕ್ಕೆ ಬಂದ ಹಣ್ಣಿನ ತಿರುಳು

‘ಸಕ್ಕರೆ ಹಾಕಿಲ್ಲ, ಖರ್ಜೂರ ಮಾತ್ರ’ ಎಂಬ ಚೀಟಿ ಈಗ ಬೇಕರಿಗಳ ಗಾಜಿನ ಕಪಾಟಿನಲ್ಲಿ ಕಾಣತೊಡಗಿದೆ. ಸಕ್ಕರೆ ಕಾಯಿಲೆಯವರೂ ಅದನ್ನು ನಂಬಿ ಎರಡು ತುಂಡು ತಿನ್ನುತ್ತಾರೆ. ಖರ್ಜೂರದ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸಕ್ಕರೆಯೇ. ಹಣ್ಣಿನ ಪ್ಯೂರಿ ಯಾವುದರ ಬದಲಿಗೆ ಬಂತು ಎಂಬುದನ್ನು ಮರೆತದ್ದರಿಂದ ಹುಟ್ಟಿದ ಗೊಂದಲವಿದು.

ಮೊದಲು ಪ್ಯೂರಿಯನ್ನು ಕೇಕಿಗೆ ತಂದದ್ದು ಅಭಾವ. ಮೊದಲ ಮಹಾಯುದ್ಧದ ಕಾಲಕ್ಕೆ ಅಮೆರಿಕದ ಮನೆಗಳಲ್ಲಿ ಬೆಣ್ಣೆ, ಮೊಟ್ಟೆ ಉಳಿಸಲು ಸೇಬಿನ ಸಾಸ್ ಹಾಕಿ ಕೇಕ್ ಮಾಡಿದರು. 1940ರ ಜನವರಿಯಲ್ಲಿ ಬ್ರಿಟನ್ನಿನಲ್ಲಿ ಬೆಣ್ಣೆ, ಸಕ್ಕರೆಗೆ ರೇಷನ್ ಬಂದಾಗ ಕ್ಯಾರೆಟ್ ನೆರವಿಗೆ ಬಂತು.

ನಮ್ಮ ತಲೆಮಾರಿನ ಬೇಕರ್‌ಗಳು ಪಾಠ ಕಲಿತದ್ದು 1980–90ರ ದಶಕಗಳ ಅಮೆರಿಕದ ಕೊಬ್ಬು ಕಡಿಮೆ ಮಾಡುವ ಅಲೆಯಿಂದ. ಬೆಣ್ಣೆಯಲ್ಲಿ ಶೇ. 80ರಷ್ಟು ಜಿಡ್ಡು. ಅದು ಹಿಟ್ಟಿನ ಕಣಗಳಿಗೆ ಸವರಿಕೊಂಡು ಗ್ಲುಟೆನ್ ಬಿಗಿಯಾಗದಂತೆ ತಡೆಯುತ್ತದೆ. ಸಕ್ಕರೆಯೊಡನೆ ಬೀಟ್ ಮಾಡಿದಾಗ ಗಾಳಿ ಹಿಡಿದಿಡುತ್ತದೆ. ಸೇಬಿನ ಸಾಸಿನಲ್ಲಿ ಹೆಚ್ಚುಕಡಿಮೆ ಶೇ. 88 ನೀರು. ಬೆಣ್ಣೆಯನ್ನು ಪೂರ್ತಿ ಬಿಟ್ಟು ಸಾಸ್ ಸುರಿದ ಕೇಕನ್ನು ಕತ್ತರಿಸಿ ನೋಡಿ: ಚಾಕುವಿಗೆ ಅಂಟುತ್ತದೆ, ಒಳಗೆ ಉದ್ದುದ್ದ ತೂತು, ಅಗಿದರೆ ರಬ್ಬರಿನಂತೆ. ಅರ್ಧ ಬೆಣ್ಣೆ ಉಳಿಸಿಕೊಂಡು, ಪ್ಯೂರಿ ಸೇರಿದ ಮೇಲೆ ಹಿಟ್ಟನ್ನು ಹೆಚ್ಚು ಕಲಸದಿದ್ದರೆ ಮೆತ್ತಗಿನ ಕೇಕ್ ಸಿಗುತ್ತದೆ. ಆ ಕಾಲದ ದೊಡ್ಡ ಕೊಡುಗೆ ಪ್ರೂನ್, ಅಂದರೆ ಒಣಗಿಸಿದ ಪ್ಲಮ್ ಹಣ್ಣಿನ ಪ್ಯೂರಿ. ಅದರ ಪೆಕ್ಟಿನ್, ಸಾರ್ಬಿಟಾಲ್ ನೀರನ್ನು ಹಿಡಿದಿಡುವುದರಿಂದ ಚಾಕೊಲೇಟ್ ಕೇಕ್ ಮರುದಿನವೂ ಒಣಗುವುದಿಲ್ಲ. ಈ ‘ಅರ್ಧರ್ಧ’ ಪದ್ಧತಿಯನ್ನು ಮೀರಿಸಿದ್ದು ನನಗಂತೂ ಇನ್ನೂ ಕಂಡಿಲ್ಲ.

2007ರಲ್ಲಿ ಮಕ್ಕಳ ತಿಂಡಿಯಲ್ಲಿ ತರಕಾರಿ ಪ್ಯೂರಿ ಬಚ್ಚಿಡುವುದನ್ನು ಹೇಳಿಕೊಟ್ಟ ಎರಡು ಅಮೆರಿಕನ್ ಪುಸ್ತಕಗಳು ಬಂದವು. ಮನೆಗಳಿಗೆ ಅವು ಇಷ್ಟವಾದವು. ಬೇಕಿಂಗ್ ವಿದ್ಯೆಗೆ ಹೆಚ್ಚೇನೂ ಸೇರಿಸಲಿಲ್ಲ. ಆಮೇಲೆ ದೃಷ್ಟಿ ಕೊಬ್ಬಿನಿಂದ ಸಕ್ಕರೆಗೆ ಹೊರಳಿತು. ದಿನದ ಶಕ್ತಿಯಲ್ಲಿ ‘ಮುಕ್ತ ಸಕ್ಕರೆ’ಯ (ತಿನಿಸಿಗೆ ಬೆರೆಸಿದ ಸಕ್ಕರೆ, ಜೊತೆಗೆ ಜೇನು, ಹಣ್ಣಿನ ರಸಗಳಲ್ಲಿರುವ ಸಕ್ಕರೆ) ಪಾಲು ಶೇ. 10ರೊಳಗಿರಲಿ ಎಂದು 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ಬ್ರಿಟನ್ ಇನ್ನೂ ಮುಂದೆ ಹೋಗಿ ಪ್ಯೂರಿ ಮಾಡಿದ ಹಣ್ಣಿನ ಸಕ್ಕರೆಯನ್ನೂ ಅದೇ ಲೆಕ್ಕಕ್ಕೆ ಸೇರಿಸಿದೆ. ರುಬ್ಬಿದಾಗ ಹಣ್ಣಿನ ಕೋಶಗಳು ಒಡೆದು ಸಕ್ಕರೆ ಹೊರಬರುತ್ತದೆ ಎಂಬುದು ಅದರ ಹಿಂದಿನ ತರ್ಕ. ಪ್ಯೂರಿ ಒಳ್ಳೆಯ ಬದಲಿಯೇ, ಆದರೆ ಬೆಣ್ಣೆಗೆ, ಸಕ್ಕರೆಗಲ್ಲ.

ಹಿಟ್ಟಿಗೆ ಹಣ್ಣು, ತರಕಾರಿ ಬೆರೆಸುವುದು ನಮ್ಮ ಕರಾವಳಿಗೆ ಹೊಸದಲ್ಲ. ಕೊಂಕಣಿ ಮನೆಗಳಲ್ಲಿ ಸೌತೆಕಾಯಿ ತುರಿದು ರವೆ, ಬೆಲ್ಲ ಸೇರಿಸಿ ತವಸಳಿ ಮಾಡುತ್ತಾರೆ. ಮಂಗಳೂರು ಬನ್ಸ್‌ಗೆ ಬಾಳೆಹಣ್ಣು ಕಿವುಚುತ್ತಾರೆ. ಇಷ್ಟಿದ್ದೂ ನಮ್ಮ ಪಾಕಪುಸ್ತಕಗಳು ‘ಒಂದು ಕಪ್ ಪ್ಯೂರಿ’ ಎಂದಷ್ಟೇ ಬರೆದು ಮುಗಿಸುತ್ತವೆ. ಸಿಹಿಗುಂಬಳದಲ್ಲಿ ನೀರು ಶೇ. 90ರ ಆಸುಪಾಸು, ಬಾಳೆಹಣ್ಣಿನಲ್ಲಿ 75; ಎರಡಕ್ಕೂ ಒಂದೇ ಕಪ್ ಸಲ್ಲದು. ಹಲಸು, ಪರಂಗಿ, ಸಿಹಿಗೆಣಸುಗಳಿಗೆ ಬೇರೆಬೇರೆ ಅಳತೆ ಬೇಕು. ಬೇಕಿಂಗ್ ಕಲಿಸುವವರು ಆ ಕೆಲಸಕ್ಕೆ ಕೈಹಾಕಲಿ. ಮಾರುವವರು ‘ಸಕ್ಕರೆ ಹಾಕಿಲ್ಲ’ ಎನ್ನುವುದನ್ನು ಬಿಟ್ಟು, ಒಂದು ತುಂಡಿನಲ್ಲಿ ಒಟ್ಟು ಎಷ್ಟು ಗ್ರಾಂ ಸಕ್ಕರೆ ಇದೆಯೆಂದು ಬರೆಯಲಿ.